ಎಐ ಬಳಿದ ಬಣ್ಣ, ಆಲ್ಬಮ್ಮಿನಲ್ಲಿ ಮಾಸುವ ಬಣ್ಣ

ಇತ್ತೀಚೆಗೆ ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಹೊಸ ಹುಚ್ಚು ಶುರುವಾಗಿದೆ. ಊರಿನ ಹಳೆಯ ಕಪ್ಪು-ಬಿಳುಪು ಫೋಟೋ ಸಿಕ್ಕಿದ ಕೂಡಲೇ ಎಐಗೆ ಹಾಕಿ ಬಣ್ಣ ಬಳಿಸುವುದು, "ಅಂದಿನ ಬಂಟ್ವಾಳ ಪೇಟೆ" ಅಂತ ಫಾರ್ವರ್ಡ್ ಮಾಡುವುದು. ಕೆಳಗೆ ಸಾಲು ಸಾಲು ಹೃದಯ, "ಸೂಪರ್ ಮಾರಾಯ" ಅಂತ ಕಮೆಂಟು. ನೋಡಲು ಚಂದ ಉಂಟು, ಇಲ್ಲ ಅಂತಲ್ಲ. ಆದರೆ ಆ ಬಣ್ಣ ಬಂಟ್ವಾಳದ್ದಲ್ಲ ಅಂತ ನಮ್ಮ ವಾದ.

ಇಮೇಜ್ ಪ್ರಾಸೆಸಿಂಗ್ ಓದಿದವರಿಗೆ ಇದು ಗೊತ್ತಿರುವ ಲೆಕ್ಕ. ಬೂದು ಬಣ್ಣದ ಬೆಲೆ ಅಂದರೆ 0.299 ಪಾಲು ಕೆಂಪು, 0.587 ಪಾಲು ಹಸಿರು, 0.114 ಪಾಲು ನೀಲಿ. ಈಗ ಹಿಂದಕ್ಕೆ ಹೋಗಿ ನೋಡಿ: ಸಮೀಕರಣ ಒಂದು, ಅಜ್ಞಾತಗಳು ಮೂರು. ಉತ್ತರ ಲೆಕ್ಕವಿಲ್ಲದಷ್ಟು. ಮಾಡೆಲ್ ತಾನು ಮೊದಲು ಕಂಡ ಚಿತ್ರಗಳ ಅಂದಾಜಿನಲ್ಲಿ ಒಂದನ್ನು ಆರಿಸಿಕೊಡುತ್ತದೆ, ಅಷ್ಟೇ. ಇನ್ನೂ ಹಳೆಯ ಆರ್ಥೋಕ್ರೋಮ್ಯಾಟಿಕ್ ಫಿಲಂ ಆದರೆ ಕತೆ ಮತ್ತೂ ಕಷ್ಟ. ಆ ಫಿಲಂಗೆ ಕೆಂಪು ಕಾಣುವುದೇ ಇಲ್ಲ, ಕೆಂಪೆಲ್ಲ ಕಪ್ಪಾಗಿ ಬೀಳುತ್ತದೆ. ಮುರಕಲ್ಲಿನ ಗೋಡೆ, ಮಂಗಳೂರು ಹಂಚು, ರಸ್ತೆಯ ಧೂಳು, ನಮ್ಮ ಜಿಲ್ಲೆಯ ಮುಖ್ಯ ಬಣ್ಣವೇ ಕೆಂಪಲ್ವಾ? 1974ರ ನೆರೆಯ ಕಪ್ಪು-ಬಿಳುಪು ಚಿತ್ರವೊಂದನ್ನು ಆ್ಯಪಿಗೆ ಕೊಟ್ಟರೆ ನೇತ್ರಾವತಿ ನೀಲಿಯಾಗಿ ಹರಿದರೂ ಆಶ್ಚರ್ಯವಿಲ್ಲ. ಬಂಟ್ವಾಳದಲ್ಲಿ ಮಳೆಗಾಲದ ಹೊಳೆ ನೋಡಿದ ಯಾರಾದರೂ ಅದನ್ನು ನೀಲಿ ಅಂತಾರಾ?

ಬೇಕಾದರೆ ಪರೀಕ್ಷೆ ಮಾಡಿ. ನಾವು 1980ರ ದಶಕದ ಒಂದು ಕಲರ್ ಫೋಟೋ ಸ್ಕ್ಯಾನ್ ಮಾಡಿ, ಬಣ್ಣ ತೆಗೆದು, ಮತ್ತೆ ಬಣ್ಣ ಹಾಕಲು ಎಐಗೆ ಕೊಟ್ಟೆವು. ಮರ, ಆಕಾಶ, ಮುಖ ಎಲ್ಲ ಸರಿ ಬಂತು. ಅಂಗಡಿಯ ಹಸಿರು ಹಲಗೆ ಬಾಗಿಲು ಕಂದಾಯಿತು, ಹಿಂದಿದ್ದ ಬಸ್ಸಿನ ಬಣ್ಣವೇ ಬದಲಾಯಿತು. ಎಲ್ಲೆಡೆ ಒಂದೇ ಥರ ಇರುವುದನ್ನು ಯಂತ್ರ ಸರಿ ಹೇಳುತ್ತದೆ, ನಮ್ಮೂರಿಗೆ ಮಾತ್ರ ಸೇರಿದ್ದನ್ನು ತಪ್ಪಿಸುತ್ತದೆ.

ದೊಡ್ಡ ನಗರಗಳ ಪುಣ್ಯ ಬೇರೆ. ಮುಂಬಯಿಯಲ್ಲಿ ಟ್ರ್ಯಾಮ್ ನಿಂತದ್ದು 1964ರ ಮಾರ್ಚ್ 31ಕ್ಕೆ. ಅಷ್ಟರೊಳಗೆ ಕೊಡಾಕ್ರೋಮ್ ಫಿಲಂ ಬಂದು ಸುಮಾರು 30 ವರ್ಷ ಆಗಿತ್ತು. ಕತ್ತಲೆಯಲ್ಲಿಟ್ಟರೆ ದಶಕಗಟ್ಟಲೆ ಬಣ್ಣ ಬಿಡದ ಸ್ಲೈಡು ಅದು. ನಮಗೆ ಟ್ರ್ಯಾಮೂ ಇರಲಿಲ್ಲ, ಅಂಥ ಸ್ಲೈಡೂ ಅಪರೂಪ. ಇರುವುದು ಮದುವೆ ಆಲ್ಬಮ್ಮು. ಬೀದಿಯ ಫೋಟೋ ಅಂತ ಯಾರೂ ತೆಗೆದದ್ದಲ್ಲ. ಆದರೆ ದಿಬ್ಬಣದ ಹಿಂದೆ ಬಂಟ್ವಾಳದ ರಥಬೀದಿ ಇರಬಹುದು, ಬಸದಿಯ ಎದುರು ನಿಂತ ನೆಂಟರ ಹಿಂದೆ ಮೂಡುಬಿದಿರೆಯ ಜೈನಪೇಟೆ, ಶಾಲಾ ಪ್ರವಾಸದ ಗುಂಪಿನ ಹಿಂದೆ ಬೆಳ್ತಂಗಡಿಯ ಬಸ್‌ಸ್ಟ್ಯಾಂಡು. ನಮ್ಮ ಬೀದಿಗಳೆಲ್ಲ ಯಾರದ್ದೋ ಹೆಗಲ ಹಿಂದೆ ಅರ್ಧ ಕಾಣುತ್ತಾ ಉಳಿದಿವೆ.

ಅವೂ ಹೋಗುತ್ತಿವೆ. ಕಲರ್ ಪ್ರಿಂಟಿನಲ್ಲಿ ಮೂರು ಪದರ ಬಣ್ಣ ಇರುತ್ತದೆ: ಸಯಾನ್, ಮಜೆಂಟಾ, ಹಳದಿ. ಆ ಕಾಲದ ಹಲವು ಪ್ರಿಂಟುಗಳಲ್ಲಿ, ಕಪಾಟಿನ ಕತ್ತಲೆಯಲ್ಲಿದ್ದರೂ, ಸಯಾನ್ ಮೊದಲು ಸೋಲುತ್ತದೆ. ಅದಕ್ಕೇ ಹಳೇ ಫೋಟೋ ಕೆಂಪಗಾಗುವುದು. ಸೆಕೆ, ತೇವ ಜಾಸ್ತಿಯಾದಷ್ಟೂ ವೇಗ ಜಾಸ್ತಿ, ಮೇಲೆ ಬೂಸ್ಟು ಬೇರೆ. ಕರಾವಳಿಯ ಮಳೆಗಾಲದ ಬಗ್ಗೆ ನಿಮಗೆ ಹೇಳಬೇಕಾ? ಅಂಟಿನ ಪುಟ, ಪ್ಲಾಸ್ಟಿಕ್ ಹಾಳೆಯ ಆಲ್ಬಮ್ ಆದರಂತೂ ಫೋಟೋಗೆ ಅದೇ ಶತ್ರು.

ಆದರೆ ಮಾಸಿದ್ದು ಬೇರೆ, ಇಲ್ಲವೇ ಇಲ್ಲದ್ದು ಬೇರೆ. ಸಯಾನ್ ಅರ್ಧ ಉಳಿದಿದ್ದರೂ ಅದು ಸಿಗ್ನಲ್. ಸ್ಕ್ಯಾನ್ ಮಾಡಿ ಆ ಚಾನೆಲ್ ಒಂದನ್ನೇ ಎತ್ತಿದರೆ ಬಾಗಿಲಿನ ಹಸಿರು ಬಹುಪಾಲು ವಾಪಸ್ ಬರುತ್ತದೆ. ಪೂರ್ತಿ ಹೋದ ಮೇಲೆ ಎಐಯ ಊಹೆ ಮಾತ್ರ ಬಾಕಿ.

ಇಷ್ಟು ಅವಸರ ಯಾಕೆ ಅಂದರೆ, ಬೀದಿಗಳು ನಮ್ಮ ಕಣ್ಣೆದುರೇ ಹೋಗ್ತಾ ಇವೆ. ಮೂಡುಬಿದಿರೆಯ ಪಕ್ಕದಲ್ಲಿ ಸಾಣೂರು–ಬಿಕರ್ನಕಟ್ಟೆ ಚತುಷ್ಪಥ, 45 ಕಿ.ಮೀ. ಬಂಟ್ವಾಳ ತಾಲೂಕಿನಲ್ಲಿ ಬಿ.ಸಿ.ರೋಡು–ಅಡ್ಡಹೊಳೆ. ಬೆಳ್ತಂಗಡಿಯಲ್ಲಿ ಪುಂಜಾಲಕಟ್ಟೆ–ಚಾರ್ಮಾಡಿ. ಕಲ್ಲಡ್ಕದಲ್ಲಿ ಕೆ.ಟಿ. ಕುಡಿಯಲು ಇಳಿದರೆ ಈಗ ತಲೆಯ ಮೇಲೆ ಮೇಲ್ಸೇತುವೆ. ರಸ್ತೆ ಅಗಲ ಆಗಬೇಕು, ದಿನಾ ಬಸ್ಸಲ್ಲಿ ಬರುವ ನಾವೇ ಬೇಡ ಅನ್ನುವುದಿಲ್ಲ. ಆದರೆ ಹೋದ ಅಂಗಡಿ ಸಾಲು, ಸಾಲುಮರ, ಜಗಲಿಗಳಿಗೆ ಒಂದು ದಾಖಲೆಯೂ ಬೇಡವಾ? ಧರ್ಮಸ್ಥಳದಲ್ಲಿ ಹಳೆಯ ಕಾರುಗಳನ್ನು ಹೊಳೆಯುವ ಹಾಗೆ ಇಟ್ಟಿದ್ದಾರೆ. ಅವು ಓಡಿದ ರಸ್ತೆಯ ಬದಿ ಹೇಗಿತ್ತು ಅಂತ ನೋಡಲು ನಾವು ಎಲ್ಲಿಗೆ ಹೋಗಬೇಕು?

ದೊಡ್ಡ ಯೋಜನೆ ಏನೂ ಬೇಡ. ರಜೆಯಲ್ಲಿ ಮನೆಗೆ ಹೋದಾಗ ಆಲ್ಬಮ್ ತೆಗೆಯಿರಿ. ಫೋನಿನಲ್ಲಿ ಪ್ಲಾಸ್ಟಿಕ್ ಹಾಳೆಯ ಮೇಲಿಂದ ಹೊಡೆಯಬೇಡಿ, ಗ್ಲೇರ್ ಬರುತ್ತದೆ. ಫೋಟೋ ಅಂಟಿಕೊಂಡಿದ್ದರೆ ಎಳೆಯಲೂ ಬೇಡಿ. ಹೊರಗೆ ಬರುವಂಥದ್ದನ್ನು 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿ. 4×6 ಇಂಚಿನ ಪ್ರಿಂಟಿಗೆ 2400×3600 ಪಿಕ್ಸೆಲ್ ಸಿಗುತ್ತದೆ, ಹಿಂದಿನ ಅಂಗಡಿಯ ಬೋರ್ಡು ಓದಲು ಸಾಕಾಗಬಹುದು. ಮೂಲ ಸ್ಕ್ಯಾನನ್ನು ಹಾಗೇ ಇಡಿ, ತಿದ್ದುವುದಿದ್ದರೆ ಪ್ರತಿಯಲ್ಲಿ ತಿದ್ದಿ. ಎಐ ಬಣ್ಣದ ಚಿತ್ರ ಹಂಚಲೇಬೇಕಾದರೆ "ಬಣ್ಣ ಕಲ್ಪಿತ" ಅಂತ ಚಿತ್ರದ ಮೇಲೆಯೇ ಬರೆಯಿರಿ. ಫೋಟೋ ಹಿಂದೆ ಪೆನ್ನಲ್ಲಿ ಬರೆದದ್ದಿದ್ದರೆ ಅದನ್ನೂ ಸ್ಕ್ಯಾನ್ ಮಾಡಿ.

ಮತ್ತೆ, ಅಜ್ಜಿ ಪಕ್ಕದಲ್ಲಿದ್ದರೆ ಮದುಮಗಳು ಯಾರು ಅಂತ ಕೇಳುವುದು ಆಮೇಲಾಯಿತು. ಹಿಂದೆ ಕಾಣುವ ಗೋಡೆಗೆ ಯಾವ ಬಣ್ಣ ಇತ್ತು, ಅದು ಯಾರ ಅಂಗಡಿ, ಆ ಬಸ್ಸು ಎಲ್ಲಿಗೆ ಹೋಗುತ್ತಿತ್ತು ಅಂತ ಮೊದಲು ಕೇಳಿ, ರೆಕಾರ್ಡರ್ ಆನ್ ಮಾಡಿಟ್ಟು. ತುಳುವಿನಲ್ಲಿ ಹೇಳಿದರೆ ತುಳುವಿನಲ್ಲೇ ಇರಲಿ.