ಆರು ಲಕ್ಷದ ಬಾಲ್ಕನಿಯಲ್ಲಿ ಲುಂಗಿ ಒಣಹಾಕಬಾರದಂತೆ!

ಬೆಂಗಳೂರಲ್ಲಿ ಫ್ಲಾಟ್ ಹುಡುಕೋಕೆ ಹೊರಟವರಿಗೆಲ್ಲ ಈ ದೃಶ್ಯ ಗೊತ್ತಿರುತ್ತೆ. ಮಾದರಿ ಮನೆ ತೋರಿಸೋ ಹುಡುಗ ಹಾಲು, ಅಡುಗೆಮನೆ, ಬೆಡ್‌ರೂಮು ಎಲ್ಲ ಬೇಗಬೇಗ ಮುಗಿಸಿ, ಕೊನೆಗೆ ಒಂದು ಗಾಜಿನ ಬಾಗಿಲು ಸರಿಸಿ, "ಸಾರ್, ಇದು ನಿಮ್ಮ ಪ್ರೈವೇಟ್ ಔಟ್‌ಡೋರ್ ಸ್ಪೇಸು" ಅಂತಾನೆ. ನೋಡಿದ್ರೆ ನಾಲ್ಕಡಿ ಅಗಲದ ಬಾಲ್ಕನಿ. ಎರಡು ಪ್ಲಾಸ್ಟಿಕ್ ಕುರ್ಚಿ ಎದುರುಬದುರು ಹಾಕಿದ್ರೆ ಮೊಣಕಾಲಿಗೆ ಮೊಣಕಾಲು ತಾಗುತ್ತೆ. ಒಂದು ಮೂಲೇಲಿ ಏಸಿಯ ಡಬ್ಬಕ್ಕೆ ಜಾಗ. ಅಂದ್ರೆ ನಿಮ್ಮ ಬಾಲ್ಕನಿಗೆ ನಿಮಗಿಂತ ಮೊದಲು ಗೃಹಪ್ರವೇಶ ಮಾಡೋದು ಅದೇ :)

ನನ್ನ ತಕರಾರು ಬಾಲ್ಕನಿ ಮೇಲಲ್ಲ. ಬಾಲ್ಕನಿ ಇರೋ ಮನೆಗೆ ಬಾಲ್ಕನಿ ಇಲ್ಲದ ಮನೆಗಿಂತ ಬೆಲೆ ಜಾಸ್ತಿ ಇರೋದು ನ್ಯಾಯವೇ. ತಕರಾರಿರೋದು ಅದನ್ನ ಮಾರೋ ರೀತಿ ಮೇಲೆ, ಮತ್ತೆ ಕೊಂಡ ಮೇಲೆ ಅದನ್ನ ಬಳಸೋಕೆ ಬಿಡದವರ ಮೇಲೆ.

ಮೊದಲು ದುಡ್ಡಿನ ಲೆಕ್ಕ. ಒಂದು ಉದಾಹರಣೆ ತಗೊಳ್ಳಿ. ಜಾಹೀರಾತಿನಲ್ಲಿ 1200 ಚದರಡಿ, ಚದರಡಿಗೆ 8000 ರೂಪಾಯಿ, ಒಟ್ಟು 96 ಲಕ್ಷ. ಈ 1200 ಅನ್ನೋದು ಸೂಪರ್ ಬಿಲ್ಟ್‌ಅಪ್. ಬಿಡಿಸಿ ನೋಡಿದ್ರೆ ಒಳಗಡೆ ಓಡಾಡೋ ಜಾಗ 800, ಹೊರಗೋಡೆಗಳು 60, ಬಾಲ್ಕನಿ 60. ಉಳಿದ 280 ನಿಮ್ಮ ತಲೆಗೆ ಬಂದ ಲಿಫ್ಟು, ಮೆಟ್ಟಿಲು, ಕಾರಿಡಾರು, ಕ್ಲಬ್‌ಹೌಸಿನ ಪಾಲು. ಈ ಪಾಲನ್ನ ಬಾಲ್ಕನಿಯ 60 ಅಡಿ ಮೇಲೂ ಹೇರಿರ್ತಾರೆ. ಲೆಕ್ಕ ಹಾಕಿದ್ರೆ ಆ 60 ಅಡಿ ಸುಮಾರು 78 ಅಡಿ ಆಗುತ್ತೆ, ಅದರ ಬೆಲೆ 6 ಲಕ್ಷ 26 ಸಾವಿರ! ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ, ಸಾಲದ ಬಡ್ಡಿ ಎಲ್ಲ ಬೇರೆ. ಚದರಡಿ ಲೆಕ್ಕದಲ್ಲಿ ಮೇಂಟೆನೆನ್ಸ್ ವಸೂಲಿ ಮಾಡೋ ಕಡೆ, ಅಡಿಗೆ 4 ರೂಪಾಯಿ ಅಂತ ಇಟ್ಕೊಂಡ್ರೂ, ಬಾಲ್ಕನಿಗೇ ತಿಂಗಳಿಗೆ 312 ರೂಪಾಯಿ. ಜೀವಮಾನ ಪೂರ್ತಿ.

"ಸ್ಲ್ಯಾಬಿಗೆ ಖರ್ಚಾಗಿದೆ ಸಾರ್, ಕಬ್ಬಿಣ ಸಿಮೆಂಟು ಬಿಟ್ಟಿ ಬರುತ್ತಾ" ಅಂತಾರೆ ಬಿಲ್ಡರ್ ಕಡೆಯವರು. ಖಂಡಿತ ಬರಲ್ಲ. ಖರ್ಚು ತಗೊಳ್ಳಿ, ಬೇಡ ಅಂದೋರ್ಯಾರು? ಆದ್ರೆ ಮೂರು ಕಡೆ ಗೋಡೆ ಇಲ್ಲದ, ಕಿಟಕಿ ಇಲ್ಲದ, ಮಳೆ ಬಂದ್ರೆ ನೆನೆಯೋ ಜಾಗಕ್ಕೂ ಬೆಡ್‌ರೂಮಿಗೂ ಒಂದೇ ರೇಟು ಯಾಕೆ ಅಂತ ಕೇಳಿದ್ರೆ ಮಾತ್ರ ಉತ್ತರ ಇಲ್ಲ.

ಕಾನೂನು ಈ ವಿಷಯದಲ್ಲಿ ಕಣ್ಣು ಮುಚ್ಚಿ ಕೂತಿಲ್ಲ ಅನ್ನೋದೇ ಮಜಾ. 2016ರ ರೇರಾ ಕಾಯ್ದೆಯ ಸೆಕ್ಷನ್ 2(ಕೆ) ಕಾರ್ಪೆಟ್ ಏರಿಯಾ ಅಂದ್ರೇನು ಅಂತ ಹೇಳುವಾಗ ಬಾಲ್ಕನಿ, ವರಾಂಡ, ಮನೆಗೆ ಅಂಟಿಕೊಂಡ ತೆರೆದ ತಾರಸಿ ಎಲ್ಲವನ್ನೂ ಹೊರಗಿಡುತ್ತೆ. ಸೆಕ್ಷನ್ 4ರ ಪ್ರಕಾರ ಪ್ರಾಜೆಕ್ಟ್ ನೋಂದಾಯಿಸುವಾಗ ಬಿಲ್ಡರು ಕಾರ್ಪೆಟ್ ಏರಿಯಾದ ಜೊತೆಗೆ ಬಾಲ್ಕನಿ ಎಷ್ಟು, ತಾರಸಿ ಎಷ್ಟು ಅಂತ ತಿಳಿಸಲೇಬೇಕು. ಅಂದ್ರೆ ಅಂಕಿ ಅವರ ಹತ್ರ ಇದೆ, ಪ್ರಾಧಿಕಾರಕ್ಕೂ ಕೊಟ್ಟಿದಾರೆ. ನಮಗೆ ಕೊಡೋ ಬಣ್ಣದ ಪುಸ್ತಕದಲ್ಲಿ ಮಾತ್ರ ಅದು ಸೂಪರ್ ಬಿಲ್ಟ್‌ಅಪ್ಪಿನೊಳಗೆ ಕರಗಿ ಹೋಗಿರುತ್ತೆ. ಮನೆ ನೋಡೋಕೆ ಹೋಗೋ ಮುಂಚೆ ಕರ್ನಾಟಕ ರೇರಾ ಸೈಟಿನಲ್ಲಿ ಆ ಪ್ರಾಜೆಕ್ಟ್ ಹುಡುಕಿ ಆ ಎರಡು ಅಂಕಿ ಬರ್ಕೊಂಡು ಹೋಗಿ. ತೋರಿಸೋ ಹುಡುಗನ ಮುಖ ನೋಡೋ ಹಾಗಿರುತ್ತೆ.

ಇದಕ್ಕಿಂತ ದೊಡ್ಡ ಆಟ ನೆಲಮಹಡಿಯ "ಪ್ರೈವೇಟ್ ಗಾರ್ಡನ್" ಫ್ಲಾಟುಗಳದ್ದು. ಕಟ್ಟಡದ ಸುತ್ತ ಬಿಡಲೇಬೇಕಾದ ಜಾಗಕ್ಕೆ ಮೊಣಕಾಲೆತ್ತರದ ಬೇಲಿ ಹಾಕಿ, ನಾಲ್ಕು ಹಿಡಿ ಹುಲ್ಲು ನೆಟ್ಟು, ಒಬ್ಬರಿಗೆ ಲಕ್ಷಗಟ್ಟಲೆ ಜಾಸ್ತಿ ರೇಟಿಗೆ ಮಾರೋದು. ಆ ಜಾಗ ಯಾರದ್ದು ಸ್ವಾಮಿ? ನಮ್ಮ ರಾಜ್ಯದ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಅಂಗಳ, ತೋಟ, ಛಾವಣಿ, ಪಾರ್ಕಿಂಗ್ ಜಾಗಗಳನ್ನ ಎಲ್ಲರಿಗೂ ಸೇರಿದ್ದು ಅನ್ನುತ್ತೆ, ಡಿಕ್ಲರೇಷನ್ ಪತ್ರದಲ್ಲಿ ಬೇರೆ ಥರ ಬರೆದಿಲ್ಲದಿದ್ರೆ. ಆ ಪತ್ರದ ಕರಡು ಬರೆಸೋದು ಸಾಮಾನ್ಯವಾಗಿ ಬಿಲ್ಡರೇ, ನಾವು ಓದೋದು ಜಗಳ ಶುರುವಾದ ಮೇಲೆ! ರೇರಾದಲ್ಲೂ ಪ್ರಾಜೆಕ್ಟಿನ ಜಮೀನು, ಪಾರ್ಕು, ತೆರೆದ ಪಾರ್ಕಿಂಗು ಎಲ್ಲ ಸಾಮಾನ್ಯ ಜಾಗದ ಪಟ್ಟಿಯಲ್ಲಿವೆ. 2010ರಲ್ಲಿ ಸುಪ್ರೀಂ ಕೋರ್ಟು ಮಹಾರಾಷ್ಟ್ರದ ನಹಾಲ್‌ಚಂದ್ ಲಾಲೂಚಂದ್ ಪ್ರಕರಣದಲ್ಲಿ, ಅಲ್ಲಿನ ಕಾಯ್ದೆಯಡಿ ಸ್ಟಿಲ್ಟ್ ಪಾರ್ಕಿಂಗನ್ನ ಬಿಲ್ಡರ್ ಬೇರೆಯಾಗಿ ಮಾರುವಂತಿಲ್ಲ ಅಂದಿತ್ತು. ಅದೇ ಪ್ರಶ್ನೆಯನ್ನ ಹುಲ್ಲಿನ ತುಂಡಿನ ಬಗ್ಗೆ ನಾವು ಯಾಕೆ ಕೇಳಲ್ಲ? ಬೆಂಕಿ ಬಿದ್ದ ದಿನ ಅಗ್ನಿಶಾಮಕದ ಗಾಡಿ ಕಟ್ಟಡ ಸುತ್ತಬೇಕಾದ್ದೂ ಅದೇ ಜಾಗದಲ್ಲಿ. ಬೇಕಿದ್ರೆ ನೆಲಮಹಡಿಯವರು ಉಪಯೋಗಿಸಲಿ, ಅಸೋಸಿಯೇಷನ್ನಿಗೆ ವರ್ಷಕ್ಕಿಷ್ಟು ಅಂತ ಕಟ್ಟಲಿ. ಬಿಲ್ಡರ್ ಜೇಬಿಗೆ ಯಾಕೆ?

ಇನ್ನು ಬಳಕೆ ವಿಷಯ. ನಮ್ಮ ಚನ್ನಗಿರಿ ಕಡೆ ಬಯಲು ಜಾಗಕ್ಕೆ ಬೆಲೆ ಕಟ್ಟೋ ಕ್ರಮವೇ ಬೇರೆ. ಎಲ್ಲಿ ನೋಡಿದ್ರೂ ಅಡಿಕೆ. ಹಸಿ ಅಡಿಕೆ ಸುಲಿದು, ಬೇಯಿಸಿ, ಬಿಸಿಲಿಗೆ ಹರವಬೇಕು. ಒಂದೆರಡು ದಿನದ ಕೆಲಸ ಅಲ್ಲ, ಮಧ್ಯೆ ಮಳೆ ಹೊಡೆದ್ರೆ ಬೂಷ್ಟು ಹಿಡಿದು ರೇಟು ಬಿದ್ದುಹೋಗುತ್ತೆ. ಹಾಗಾಗಿ ಕಣ, ಅಂಗಳ, ತಾರಸಿ ಎಷ್ಟಿದೆ ಅಂತ ನೋಡ್ತಾರೆ, ಅಲ್ಲಿಂದ ಏನು ಕಾಣುತ್ತೆ ಅಂತ ಯಾರೂ ಕೇಳಲ್ಲ. ಸುಗ್ಗಿ ಮುಗಿದ ಮೇಲೆ ಅದೇ ತಾರಸಿಯಲ್ಲಿ ಹಪ್ಪಳ, ಸಂಡಿಗೆ, ಮೆಣಸಿನಕಾಯಿ, ಬೇಸಿಗೆಯ ರಾತ್ರಿ ಚಾಪೆ. ಬೆಂಗಳೂರಿನ ಹಳೇ ವಠಾರಗಳಲ್ಲೂ ಅಂಗಳ ಒಂದೇ ಇದ್ರೂ ಅದಕ್ಕೆ ದಿನಪೂರ್ತಿ ಕೆಲಸ ಇತ್ತು. ನಮ್ಮಪ್ಪ ಫ್ಲಾಟಿಗೆ ಬಂದ ಎರಡನೇ ದಿನವೇ "ಹೊರಗೆ ಎಲ್ಲಪ್ಪ ಕೂರೋದು?" ಅಂದ್ರು. ಬಾಲ್ಕನಿ ತೋರಿಸಿದೆ. ಅಲ್ಲಿ ಪಾರಿವಾಳದ ಬಲೆ, ಕೆಳಗೆ ಜನರೇಟರ್ರು.

"ಜನ ಹೇಗೂ ಬಾಲ್ಕನಿಗೆ ಗಾಜು ಹಾಕಿಸಿ ರೂಮು ಮಾಡ್ಕೋತಾರೆ, ಅವರಿಗೇ ಬೇಡ" ಅನ್ನೋರಿದ್ದಾರೆ. ಗಾಜು ಹಾಕಿಸೋದು ಬಾಲ್ಕನಿ ಬೇಡ ಅಂತಲ್ಲ ಸಾರ್. ಒಳಗಿನ ರೂಮುಗಳಲ್ಲಿ ಮಂಚ, ಬೀರು ಇಟ್ಟ ಮೇಲೆ ಕಾಲಿಡೋಕೆ ಜಾಗ ಇರಲ್ಲ ಅಂತ. ಮಂಜೂರಾದ ನಕ್ಷೆಯಲ್ಲಿ ಅದು ಬಾಲ್ಕನಿ ಅಂತಲೇ ಉಳಿಯುತ್ತೆ, ಮಾರುವಾಗ ನಕ್ಷೆ ನೋಡೋ ಬ್ಯಾಂಕಿನವರು ಅದನ್ನ ರೂಮು ಅಂತ ಒಪ್ಪಬೇಕಾಗೂ ಇಲ್ಲ. ಮತ್ತೆ 2020 ಮರೆತುಹೋಯ್ತಾ? ಮಾರ್ಚ್ 22ರ ಸಂಜೆ 5ಕ್ಕೆ ಚಪ್ಪಾಳೆ, ಏಪ್ರಿಲ್ 5ರ ರಾತ್ರಿ 9ಕ್ಕೆ ದೀಪ. ದೇಶದ ಪ್ರಧಾನಿ ಬಾಲ್ಕನಿಗೆ ಬನ್ನಿ ಅಂದಾಗ, ಅದು ಇಲ್ಲದವರು ಕಿಟಕಿ ಸರಳಿಗೆ ಮುಖ ಒತ್ತಿ ನಿಂತಿದ್ರು. ಆ ಲಾಕ್‌ಡೌನ್ ತಿಂಗಳುಗಳಲ್ಲಿ ನಾಲ್ಕಡಿಯ ಬೆಲೆ ಎಲ್ಲರಿಗೂ ಗೊತ್ತಾಯ್ತು. ಬಿಲ್ಡರುಗಳಿಗಂತೂ ಚೆನ್ನಾಗೇ ಗೊತ್ತಾಯ್ತು.

ಕೊನೇದಾಗಿ ನಮ್ಮವರೇ ಆದ ಅಸೋಸಿಯೇಷನ್‌ಗಳು. ನಾನು ನೋಡಿದ ಒಂದು ಕಡೆ ನೋಟಿಸ್ ಬೋರ್ಡಿನಲ್ಲಿ ಹೀಗಿತ್ತು: ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಿದ್ರೆ ದಂಡ. ಕಾರಣ? ಪ್ರಾಪರ್ಟಿ ವ್ಯಾಲ್ಯೂ ಕಮ್ಮಿ ಆಗುತ್ತಂತೆ! ಲುಂಗಿ, ಸೀರೆ ಕಂಡ್ರೆ ಕೊಳ್ಳೋಕೆ ಬಂದವರು ಓಡಿಹೋಗ್ತಾರಂತೆ. ಹೂಕುಂಡ ಇಡೋದಾದ್ರೆ ಸಂಘದವರು ಹೇಳಿದ ಬಣ್ಣದ್ದೇ ಇಡಬೇಕಂತೆ. ಕುಂಡ ಕೆಳಗೆ ಬೀಳದ ಹಾಗೆ ಇಡಿ ಅನ್ನಿ, ಕೆಳಗಿನವರ ಮೇಲೆ ನೀರು ಸುರೀಬೇಡಿ ಅನ್ನಿ, ಒಪ್ಕೋತೀನಿ. ಬಟ್ಟೆಯಿಂದ ಯಾರ ತಲೆ ಒಡೆಯುತ್ತೆ? ಬಿಸಿಲು ಬೀಳೋ ಜಾಗ ಅಂತ ಆರು ಲಕ್ಷ ಕೊಟ್ಟು ತಗೊಂಡು, ಬಟ್ಟೆ ಒಣಗಿಸೋಕೆ ಕರೆಂಟಿನ ಡ್ರೈಯರ್ ಕೊಳ್ಳಬೇಕಂತೆ. ಆ ನೋಟಿಸಿಗೆ ಸಹಿ ಹಾಕಿದ ಸೆಕ್ರೆಟರಿ ಮನೇಲೂ ಬಟ್ಟೆ ಒಗೀತಾರಲ್ಲ, ಅವನ್ನ ಎಲ್ಲಿ ಒಣಗಿಸ್ತಾರೆ ಅಂತ ಮುಂದಿನ ವಾರ್ಷಿಕ ಸಭೇಲಿ ಕೇಳೋರು ಯಾರಾದ್ರೂ ಇದ್ದೀರಾ?