ಬೈಕಿನ ಡಿಸ್ಕ್ ಬ್ರೇಕಿಗೆ ಯಾವ ಗ್ರೀಸ್ ಹಚ್ಚಬೇಕು? ‘ಯಾವುದಾದರೂ ನಡೆಯುತ್ತೆ’ ಎನ್ನುವುದು ನಿಜವೇ?

“ಡಿಸ್ಕ್ ಬ್ರೇಕ್ ಜಾಮ್ ಆಗ್ತಿದ್ಯಾ? ಮೆಕ್ಯಾನಿಕ್‌ಗೆ ದುಡ್ಡು ಕೊಡಬೇಡಿ, ಮನೆಯಲ್ಲಿರೋ ಗ್ರೀಸ್ ಹಚ್ಚಿ ಸಾಕು.” ಇಂಥ ಸಲಹೆಗಳು ವಾಟ್ಸಾಪ್ ಗುಂಪುಗಳಲ್ಲೂ ರೀಲ್ಸ್‌ಗಳಲ್ಲೂ ಆಗಾಗ ಕಾಣಿಸುತ್ತವೆ. ಒಬ್ಬರು ಬೇರಿಂಗಿಗೆ ಹಾಕುವ ಗ್ರೀಸ್ ಸಾಕು ಎಂದರೆ, ಇನ್ನೊಬ್ಬರು ವ್ಯಾಸಲೀನ್ ಹಚ್ಚಿ ಎನ್ನುತ್ತಾರೆ. ಮತ್ತೊಬ್ಬರಿಗೆ ಕೊಬ್ಬರಿ ಎಣ್ಣೆಯೇ ಮದ್ದು. ಇದರಲ್ಲಿ ಯಾವುದು ಸರಿ?

ಚುಟುಕಾಗಿ ಹೇಳುವುದಾದರೆ, ಈ ಮೂರೂ ಸರಿಯಲ್ಲ. ಬ್ರೇಕಿಗೆ ಗ್ರೀಸ್ ಬೇಕೇ ಬೇಕು, ಅದು ನಿಜ. ಆದರೆ ಗ್ರೀಸ್ ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ ‘ಎಷ್ಟು ಬಿಸಿ ತಡೆಯುತ್ತದೆ?’ ಎಂಬುದಲ್ಲ, ‘ಇದು ರಬ್ಬರಿಗೆ ತಾಗುತ್ತದೆಯೇ?’ ಎಂಬುದು. ಏಕೆ ಎಂದು ನೋಡೋಣ.

ಕ್ಯಾಲಿಪರ್ ಒಳಗೆ ಏನಿದೆ?

ನೀವು ಬ್ರೇಕ್ ಲಿವರ್ ಒತ್ತಿದಾಗ ಹ್ಯಾಂಡಲ್ ಬಳಿ ಇರುವ ಮಾಸ್ಟರ್ ಸಿಲಿಂಡರ್‌ನಿಂದ ದ್ರವದ ಒತ್ತಡ ಪೈಪಿನ ಮೂಲಕ ಚಕ್ರದ ಹತ್ತಿರ ಬರುತ್ತದೆ. ಅಲ್ಲಿ ಡಿಸ್ಕನ್ನು ಕಚ್ಚಿಕೊಂಡಂತೆ ಕೂತಿರುವ ಭಾಗವೇ ಕ್ಯಾಲಿಪರ್. ಅದರೊಳಗಿನ ಪಿಸ್ಟನ್ ಮುಂದೆ ಸರಿದು ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ.

ಲಿವರ್ ಬಿಟ್ಟಾಗ ಪಿಸ್ಟನ್ ಹಿಂದೆ ಬರುವುದು ಹೇಗೆ? ಒಳಗೆ ಸ್ಪ್ರಿಂಗ್ ಇದೆ ಎಂದು ಹಲವರು ತಿಳಿದಿದ್ದಾರೆ. ಆದರೆ ಆ ಕೆಲಸ ಮಾಡುವುದು ಪಿಸ್ಟನ್ ಸುತ್ತಲಿನ ರಬ್ಬರ್ ಸೀಲ್. ಬ್ರೇಕ್ ಹಿಡಿದಾಗ ಅದು ಕೂದಲೆಳೆಯಷ್ಟು ಬಾಗುತ್ತದೆ, ಬಿಟ್ಟಾಗ ತನ್ನ ಆಕಾರಕ್ಕೆ ಮರಳುತ್ತಾ ಪಿಸ್ಟನ್ನನ್ನೂ ಹಿಂದಕ್ಕೆ ಎಳೆದುಕೊಳ್ಳುತ್ತದೆ.

ನಮ್ಮ ದಿನಬಳಕೆಯ ಹೆಚ್ಚಿನ ಬೈಕುಗಳಲ್ಲಿ ಪಿಸ್ಟನ್ ಇರುವುದು ಡಿಸ್ಕಿನ ಒಂದೇ ಬದಿಗೆ. ಇನ್ನೊಂದು ಬದಿಯ ಪ್ಯಾಡ್ ಡಿಸ್ಕಿಗೆ ತಾಗಬೇಕಾದರೆ ಇಡೀ ಕ್ಯಾಲಿಪರ್ ಪಕ್ಕಕ್ಕೆ ಜಾರಬೇಕು. ಅದಕ್ಕಾಗಿ ಎರಡು ಪಿನ್‌ಗಳಿವೆ. ನೀರು, ಕೆಸರು ಒಳಗೆ ಹೋಗದಂತೆ ಆ ಪಿನ್‌ಗಳಿಗೆ ರಬ್ಬರ್ ಬೂಟುಗಳಿವೆ. ಗ್ರೀಸ್ ಮುಖ್ಯವಾಗಿ ಬೇಕಾಗುವುದು ಈ ಪಿನ್‌ಗಳಿಗೆ. ಅಂದರೆ ನಾವು ಗ್ರೀಸ್ ಹಚ್ಚುವ ಜಾಗದಲ್ಲೇ ರಬ್ಬರ್ ಕೂತಿದೆ.

ಸಾಮಾನ್ಯ ಗ್ರೀಸ್ ರಬ್ಬರಿಗೆ ಏನು ಮಾಡುತ್ತದೆ?

ಗ್ಯಾರೇಜಿನಲ್ಲಿ ಸಿಗುವ ಸಾಮಾನ್ಯ ಗ್ರೀಸ್ ಎಂದರೆ ಕಚ್ಚಾ ತೈಲದಿಂದ ಬಂದ ಎಣ್ಣೆಗೆ ಲಿಥಿಯಂ ಸೋಪನ್ನು ಬೆರೆಸಿ ಗಟ್ಟಿ ಮಾಡಿದ ಪದಾರ್ಥ. ಬ್ರೇಕಿನ ಸೀಲ್‌ಗಳಿಗೆ ಹೆಚ್ಚಾಗಿ ಬಳಸುವುದು ‘ಇಪಿಡಿಎಂ’ ಎಂಬ ರಬ್ಬರ್. ಬ್ರೇಕ್ ದ್ರವದಲ್ಲಿ ವರ್ಷಗಟ್ಟಲೆ ಇದ್ದರೂ ಇದು ಕೆಡುವುದಿಲ್ಲ. ಆದರೆ ಪೆಟ್ರೋಲಿಯಂ ಎಣ್ಣೆ ತಾಗಿದರೆ ನೀರಿನಲ್ಲಿ ನೆನೆಹಾಕಿದ ಕಡಲೆಯಂತೆ ಉಬ್ಬಿ, ಮೆತ್ತಗಾಗುತ್ತದೆ. ಈ ರಬ್ಬರ್ ಮತ್ತು ಆ ಎಣ್ಣೆ ಎರಡೂ ರಾಸಾಯನಿಕವಾಗಿ ಹತ್ತಿರದ ಗುಣದವು. ಹಾಗಾಗಿ ಎಣ್ಣೆ ಸುಲಭವಾಗಿ ರಬ್ಬರಿನೊಳಗೆ ಸೇರಿಕೊಳ್ಳುತ್ತದೆ.

ಬೂಟು ಉಬ್ಬಿದರೆ ತನ್ನ ಜಾಗದಿಂದ ಕಳಚಿಕೊಳ್ಳುತ್ತದೆ, ನೀರು ಒಳಗೆ ಹೋಗಿ ಪಿನ್ ತುಕ್ಕು ಹಿಡಿಯುತ್ತದೆ. ಕೆಲವು ಪಿನ್‌ಗಳ ತುದಿಯಲ್ಲಿ ರಬ್ಬರ್ ತೋಳು ಇರುತ್ತದೆ. ಅದು ಉಬ್ಬಿದರೆ ಪಿನ್ ರಂಧ್ರದಲ್ಲೇ ಸಿಕ್ಕಿಕೊಳ್ಳುತ್ತದೆ. ಇನ್ನು ಪಿಸ್ಟನ್ ಸೀಲ್ ಉಬ್ಬಿದರೆ ಪಿಸ್ಟನ್ ಸಲೀಸಾಗಿ ಹಿಂದೆ ಬರುವುದಿಲ್ಲ. ಜಾಮ್ ಬಿಡಿಸಲೆಂದು ಹಚ್ಚಿದ ಗ್ರೀಸೇ ಕೆಲವು ವಾರಗಳ ನಂತರ ಜಾಮ್‌ಗೆ ಕಾರಣವಾಗುತ್ತದೆ. ಹಚ್ಚಿದ ದಿನ ಬ್ರೇಕ್ ಚೆನ್ನಾಗಿಯೇ ಇರುವುದರಿಂದ ‘ನಾನು ಹಚ್ಚಿ ನೋಡಿದೆ, ಸರಿಹೋಯ್ತು’ ಎನ್ನುವ ವಿಡಿಯೊ ಹುಟ್ಟಿಕೊಳ್ಳುತ್ತದೆ.

“ನಾವು ಇಷ್ಟು ವರ್ಷ ಹಚ್ಚಿದ್ದೀವಿ, ಯಾವ ಸೀಲೂ ಹಾಳಾಗಿಲ್ಲ” ಎನ್ನುವ ಮೆಕ್ಯಾನಿಕ್ ಸುಳ್ಳು ಹೇಳುತ್ತಿದ್ದಾರೆಯೇ? ಇಲ್ಲ. ಚಕ್ರದ ಬೇರಿಂಗ್, ಮುಂದಿನ ಫೋರ್ಕ್ ಇಂಥ ಕಡೆ ಇರುವ ಸೀಲ್‌ಗಳು ಸಾಮಾನ್ಯವಾಗಿ ‘ನೈಟ್ರೈಲ್’ ಎಂಬ ಬೇರೆ ರಬ್ಬರಿನವು. ಅವು ಎಣ್ಣೆಯನ್ನು ತಡೆಯುತ್ತವೆ. ಎರಡೂ ಕಪ್ಪು, ಎರಡೂ ರಬ್ಬರ್, ಗುಣ ಮಾತ್ರ ಬೇರೆ. ಅಲ್ಲಿಯ ಅನುಭವವನ್ನು ಬ್ರೇಕಿಗೆ ತಂದಾಗ ತಪ್ಪಾಗುತ್ತದೆ.

ಹಾಗಾದರೆ ಎಲ್ಲಿಗೆ ಏನು?

ಜಾರುವ ಪಿನ್‌ಗಳಿಗೆ: ಬ್ರೇಕಿಗೆಂದೇ ತಯಾರಿಸಿದ ಸಿಲಿಕೋನ್ ಗ್ರೀಸ್. ಹಲವು ಬೈಕ್ ತಯಾರಕರ ಸರ್ವಿಸ್ ಮ್ಯಾನ್ಯುಯಲ್‌ಗಳು ಹೇಳುವುದೂ ಇದನ್ನೇ. ಇದು ನೀರಿಗೆ ತೊಳೆದುಹೋಗುವುದಿಲ್ಲ, ಇಪಿಡಿಎಂ ರಬ್ಬರಿಗೆ ಹಾನಿ ಮಾಡುವುದಿಲ್ಲ.

ಪಿಸ್ಟನ್ ಮತ್ತು ಸೀಲಿಗೆ: ಮತ್ತೆ ಜೋಡಿಸುವಾಗ ಹೊಸ ಬ್ರೇಕ್ ದ್ರವವನ್ನೇ ಸವರಬೇಕು. ಇಲ್ಲವೇ ‘ರಬ್ಬರ್ ಗ್ರೀಸ್’ ಎಂದು ಮಾರುವ ಕೆಂಪು ಗ್ರೀಸ್ ಬಳಸಬಹುದು. ಕೆಂಪಗಿರುವುದೆಲ್ಲ ರಬ್ಬರ್ ಗ್ರೀಸ್ ಅಲ್ಲ. ಕೆಂಪು ಬಣ್ಣದ ಬೇರಿಂಗ್ ಗ್ರೀಸ್ ಕೂಡ ಸಿಗುತ್ತದೆ. ಬಣ್ಣ ನೋಡಬೇಡಿ, ಡಬ್ಬಿಯ ಮೇಲಿನ ಹೆಸರು ಓದಿ.

ಪ್ಯಾಡಿನ ಹಿಂಬದಿಯ ಲೋಹದ ತಟ್ಟೆಗೆ: ಶಬ್ದ ಬರುತ್ತಿದ್ದರೆ, ತಯಾರಕರು ಹೇಳಿದ್ದರೆ ಮಾತ್ರ, ಬ್ರೇಕಿಗೆಂದು ಸಿಗುವ ಸೆರಾಮಿಕ್ ಅಥವಾ ತಾಮ್ರದ ಪೇಸ್ಟ್ ತೆಳುವಾಗಿ ಸವರಬಹುದು. ‘ಸಾವಿರ ಡಿಗ್ರಿ ತಡೆಯುತ್ತದೆ’ ಎಂದು ಬರೆದಿರುವ ತಾಮ್ರದ ಗ್ರೀಸನ್ನು ಪಿನ್‌ಗಳಿಗೂ ಹಚ್ಚುವವರಿದ್ದಾರೆ. ಆದರೆ ಅಷ್ಟು ಬಿಸಿಗೆ ಉಳಿಯುವುದು ತಾಮ್ರದ ಪುಡಿ, ಅದರ ಎಣ್ಣೆಯಲ್ಲ. ಆ ಎಣ್ಣೆ ಬಹುತೇಕ ಪೆಟ್ರೋಲಿಯಂ ಮೂಲದ್ದೇ. ರಬ್ಬರ್ ಇರುವಲ್ಲಿ ಅದು ಬೇಡ.

ಪ್ಯಾಡ್ ಡಿಸ್ಕಿಗೆ ಉಜ್ಜುವ ಮುಖಕ್ಕೆ, ಡಿಸ್ಕಿಗೆ: ಏನನ್ನೂ ಹಚ್ಚಬಾರದು. ಕಿರುಗುಟ್ಟುವ ಶಬ್ದ ನಿಲ್ಲಿಸಲು ಇಲ್ಲಿ ಗ್ರೀಸ್ ಅಥವಾ ಸ್ಪ್ರೇ ಹಾಕಿದರೆ ಶಬ್ದದ ಜೊತೆ ಬ್ರೇಕೂ ಹೋಗುತ್ತದೆ. ಆಕಸ್ಮಿಕವಾಗಿ ತಾಗಿದರೆ ಡಿಸ್ಕನ್ನು ಬ್ರೇಕ್ ಕ್ಲೀನರ್‌ನಿಂದ ಒರೆಸಬಹುದು. ಎಣ್ಣೆ ಹೀರಿಕೊಂಡ ಪ್ಯಾಡನ್ನು ಮರಳು ಕಾಗದದಿಂದ ಉಜ್ಜಿ, ಸ್ಟೌ ಮೇಲೆ ಸುಟ್ಟು ಮತ್ತೆ ಹಾಕುವ ಬದಲು ಹೊಸ ಪ್ಯಾಡ್ ಹಾಕಿಸಿ.

ಮನೆಮದ್ದುಗಳ ಕಥೆ

ವ್ಯಾಸಲೀನ್ ಚರ್ಮಕ್ಕೆ ಮೃದು, ಹಾಗಾಗಿ ರಬ್ಬರಿಗೂ ಒಳ್ಳೆಯದು ಎಂಬ ನಂಬಿಕೆ ಇದೆ. ಅದು ಪೆಟ್ರೋಲಿಯಂ ಜೆಲ್ಲಿ. ಹೆಸರಿನಲ್ಲೇ ಉತ್ತರವಿದೆ. ಕೊಬ್ಬರಿ ಎಣ್ಣೆ ಚಳಿಯಲ್ಲಿ ಹೆಪ್ಪುಗಟ್ಟುತ್ತದೆ, ಬಿಸಿಯಲ್ಲಿ ನೀರಿನಂತೆ ಹರಿದು ಡಿಸ್ಕಿಗೆ ತಲುಪಬಹುದು.

ಹರಳೆಣ್ಣೆಯ ವಿಷಯ ಸ್ವಲ್ಪ ಬೇರೆ. ಹಿಂದಿನ ಕಾಲದ ಬ್ರೇಕ್ ದ್ರವಗಳಲ್ಲಿ ಹರಳೆಣ್ಣೆ ಮತ್ತು ಆಲ್ಕೋಹಾಲ್ ಇರುತ್ತಿದ್ದವು, ಏಕೆಂದರೆ ಹರಳೆಣ್ಣೆ ಬ್ರೇಕಿನ ರಬ್ಬರನ್ನು ಕೆಡಿಸುವುದಿಲ್ಲ. ರಬ್ಬರ್ ಗ್ರೀಸಿನ ಮೂಲವೂ ಇಂಥ ಸಸ್ಯಜನ್ಯ ಎಣ್ಣೆಯೇ. ಹಾಗೆಂದು ಅಡುಗೆಮನೆಯ ಹರಳೆಣ್ಣೆ ಹಚ್ಚಬೇಡಿ. ಗ್ರೀಸಾಗಿ ನಿಲ್ಲಲು ಬೇಕಾದ ಗಟ್ಟಿತನ ಅದಕ್ಕಿಲ್ಲ. ಕ್ರಮೇಣ ಅಂಟಂಟಾಗುತ್ತದೆ.

‘ಬ್ರೇಕ್ ಆಯಿಲ್’ ಎಂಬ ಹೆಸರಿನ ಗೊಂದಲ

ನಾವೆಲ್ಲ ಬ್ರೇಕ್ ಆಯಿಲ್ ಎಂದು ಕರೆಯುವುದು ಆಯಿಲ್ ಅಲ್ಲ. ಡಾಟ್ 3, ಡಾಟ್ 4 ಎಂದು ಬರೆದಿರುವ ದ್ರವಗಳು ಗ್ಲೈಕಾಲ್ ವರ್ಗದ ರಾಸಾಯನಿಕಗಳು. ಹೆಸರು ನಂಬಿ ಆ ಡಬ್ಬಿಗೆ ಎಂಜಿನ್ ಆಯಿಲ್ ತುಂಬಿಸಿದರೆ ಮೇಲಿನಿಂದ ಕೆಳಗಿನವರೆಗೆ ಎಲ್ಲ ಸೀಲ್‌ಗಳೂ ಉಬ್ಬುತ್ತವೆ. ಬರೀ ತೊಳೆದರೆ ಸಾಲದು, ರಬ್ಬರ್ ಭಾಗಗಳನ್ನೆಲ್ಲ ಬದಲಿಸಬೇಕಾಗುತ್ತದೆ. ಇದೇ ಕಾರಣಕ್ಕೆ ಬ್ರೇಕಿನ ರಬ್ಬರ್ ಭಾಗಗಳನ್ನು ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್‌ನಲ್ಲಿ ತೊಳೆಯುವುದೂ ತಪ್ಪು.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಗಾಬರಿಯೇಕೆ?

ಪಿನ್ ಅಥವಾ ಪಿಸ್ಟನ್ ಸಿಕ್ಕಿಕೊಂಡರೆ ಲಿವರ್ ಬಿಟ್ಟರೂ ಪ್ಯಾಡ್ ಡಿಸ್ಕನ್ನು ಉಜ್ಜುತ್ತಲೇ ಇರುತ್ತದೆ. ಊರೊಳಗೆ ಓಡಾಡುವಾಗ ಮೈಲೇಜ್ ಕಡಿಮೆಯಾಗಿದೆ ಎನಿಸಬಹುದು, ಅಷ್ಟೇ. ಅದೇ ಬೈಕಿನಲ್ಲಿ ಇಬ್ಬರು ಕೂತು ಚಾರ್ಮಾಡಿ ಅಥವಾ ಆಗುಂಬೆ ಘಾಟಿ ಇಳಿಯುವಾಗ ಪರಿಸ್ಥಿತಿ ಬೇರೆ. ಬಿಸಿ ಏರುತ್ತಾ ಹೋಗಿ ಬ್ರೇಕ್ ದ್ರವಕ್ಕೆ ತಲುಪುತ್ತದೆ. ಹೊಸ ಡಾಟ್ 4 ದ್ರವದ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕು ಎಂಬುದು ಮಾನದಂಡ. ಅದು ಗಾಳಿಯ ತೇವ ಹೀರಿಕೊಂಡ ಮೇಲಿನ ಮಾನದಂಡ 155 ಡಿಗ್ರಿ ಮಾತ್ರ. ದ್ರವ ಕುದಿದು ಆವಿಯಾದರೆ ಲಿವರ್ ಮೆತ್ತಗಾಗಿ, ಹ್ಯಾಂಡಲ್‌ವರೆಗೆ ಬಂದರೂ ಬ್ರೇಕ್ ಹಿಡಿಯದೇ ಹೋಗಬಹುದು.

2019ರ ಏಪ್ರಿಲ್ 1ರಿಂದ ಭಾರತದಲ್ಲಿ 125 ಸಿಸಿ ಮೀರಿದ ಹೊಸ ಬೈಕುಗಳಿಗೆಲ್ಲ ಎಬಿಎಸ್ ಕಡ್ಡಾಯವಾಗಿದೆ. ‘ನನ್ನದು ಎಬಿಎಸ್ ಗಾಡಿ, ಚಿಂತೆಯಿಲ್ಲ’ ಎನ್ನಬೇಡಿ. ಎಬಿಎಸ್ ಚಕ್ರ ಲಾಕ್ ಆಗದಂತೆ ತಡೆಯುತ್ತದೆ, ಸಿಕ್ಕಿಕೊಂಡ ಕ್ಯಾಲಿಪರನ್ನು ಬಿಡಿಸುವುದಿಲ್ಲ.

ನೀವೇ ಗಮನಿಸಬಹುದಾದ ಲಕ್ಷಣಗಳು

- ಎಂಜಿನ್ ಆಫ್ ಮಾಡಿ, ನ್ಯೂಟ್ರಲ್‌ನಲ್ಲಿ ತಳ್ಳಿದರೆ ಬೈಕ್ ಭಾರ ಎನಿಸುವುದು.
- ಎರಡು ಪ್ಯಾಡ್‌ಗಳಲ್ಲಿ ಒಂದು ಮಾತ್ರ ಬೇಗ ಸವೆದಿರುವುದು.
- ಬ್ರೇಕ್ ಹೆಚ್ಚು ಬಳಸದೆ ಓಡಿಸಿದರೂ ಚಕ್ರದ ಬಳಿ ಸುಟ್ಟ ವಾಸನೆ. ಡಿಸ್ಕನ್ನು ಮುಟ್ಟಿ ನೋಡಬೇಡಿ, ಕೈ ಸುಡುತ್ತದೆ.

ಇವುಗಳಲ್ಲಿ ಒಂದು ಕಂಡರೂ ತಿಳಿದ ಮೆಕ್ಯಾನಿಕ್ ಬಳಿ ತೋರಿಸಿ. ಮಳೆಗಾಲದ ಕೆಸರಿನಲ್ಲಿ, ಕರಾವಳಿಯ ಉಪ್ಪು ಗಾಳಿಯಲ್ಲಿ ಓಡುವ ಬೈಕುಗಳ ಪಿನ್ ಬೇಗ ತುಕ್ಕು ಹಿಡಿಯುತ್ತದೆ, ಹಾಗಾಗಿ ಪ್ಯಾಡ್ ಬದಲಿಸುವಾಗೆಲ್ಲ ಪಿನ್‌ಗಳನ್ನೂ ತೆಗೆಸಿ ನೋಡಿ. ಹಳೆಯ ಗ್ರೀಸನ್ನು ಪೂರ್ತಿ ಒರೆಸಿ, ಹೊಸದನ್ನು ತೆಳುವಾಗಿ ಸವರಿದರೆ ಸಾಕು. ರಂಧ್ರದ ತುಂಬ ತುರುಕಿದರೆ ಒಳಗೆ ಸಿಕ್ಕ ಗಾಳಿ ಮತ್ತು ಗ್ರೀಸ್ ಪಿನ್ನನ್ನೇ ಹೊರಗೆ ದೂಡುತ್ತವೆ. ಪಿಸ್ಟನ್ ಬಿಚ್ಚುವ ಕೆಲಸವನ್ನು ವಿಡಿಯೊ ನೋಡಿ ಮನೆಯಲ್ಲಿ ಮಾಡಬೇಡಿ.

ಕೊನೆಯ ಮಾತು

ಮುಂದಿನ ಸಲ ಸರ್ವಿಸ್‌ಗೆ ಬಿಟ್ಟಾಗ ಒಂದೇ ಪ್ರಶ್ನೆ ಕೇಳಿ: “ಅಣ್ಣಾ, ಕ್ಯಾಲಿಪರ್ ಪಿನ್‌ಗೆ ಯಾವ ಗ್ರೀಸ್ ಹಾಕ್ತೀರಾ? ಡಬ್ಬಿ ತೋರಿಸ್ತೀರಾ?” ಡಬ್ಬಿಯ ಮೇಲೆ ‘ಬ್ರೇಕ್’ ಅಥವಾ ‘ಸಿಲಿಕೋನ್’ ಎಂಬ ಪದ ಕಾಣದಿದ್ದರೆ ಬೇಡ ಎನ್ನಿ, ನಿಮ್ಮ ಬೈಕಿನ ಮ್ಯಾನ್ಯುಯಲ್ ಏನು ಹೇಳುತ್ತದೆ ಎಂದು ನೋಡಿ. ಪಿನ್‌ಗಳಿಗೆ ಬೇಕಾಗುವ ಗ್ರೀಸ್ ಬೆರಳ ತುದಿಯಷ್ಟು ಮಾತ್ರ. ಅಷ್ಟಕ್ಕೆ ಸರಿಯಾದ ಗ್ರೀಸನ್ನೇ ಕೊಂಡರೂ ದೊಡ್ಡ ಖರ್ಚೇನಲ್ಲ. ‘ಮನೆಯಲ್ಲಿರೋ ಗ್ರೀಸ್ ಸಾಕು’ ಎಂಬ ಸಂದೇಶ ನಿಮ್ಮ ಗುಂಪಿಗೂ ಬಂದರೆ, ಅದನ್ನು ಮುಂದೆ ಕಳಿಸುವ ಬದಲು ಅಲ್ಲೇ ನಿಲ್ಲಿಸಿ.