ನೋಡಲು ನಿಂತವರ ಪಾಡು

“ಅಮ್ಮೀ, ನಾನು ಬೈಕ್ ಎತ್ತಲ್ಲ. ಬದಿಯಲ್ಲಿ ನಿಂತು ಬರೀ ವಿಡಿಯೋ ತೆಗೀತೀನಿ.”

ಚಾಮರಾಜಪೇಟೆ, ಪಾದರಾಯನಪುರ, ಗೋರಿಪಾಳ್ಯದ ಅದೆಷ್ಟೋ ಮನೆಗಳಲ್ಲಿ ತಾಯಂದಿರು ಕೇಳುವ ಮಾತಿದು. ಬಸವನಗುಡಿಯ, ಮಲ್ಲೇಶ್ವರದ ತಾಯಂದಿರು ಇದೇ ಮಾತನ್ನು ಹೊಸ ವರ್ಷದ ಹಿಂದಿನ ದಿನ ಕೇಳುತ್ತಾರೆ. ಮಗ ಓಡಿಸುವವನಲ್ಲ, ನೋಡುವವನು ಎಂದು ತಿಳಿದಾಗ ತಾಯಿಯ ಎದೆ ಅರ್ಧ ಹಗುರವಾಗುತ್ತದೆ. ಆದರೆ ಮೋಟಾರು ಸ್ಪರ್ಧೆಗಳ ನೂರಕ್ಕೂ ಹೆಚ್ಚು ವರ್ಷಗಳ ಇತಿಹಾಸ ಬೇರೆಯೇ ಕಥೆ ಹೇಳುತ್ತದೆ. ಓಡಿಸುವವನ ತಲೆಗೆ ಶಿರಸ್ತ್ರಾಣವಿದೆ, ಮೈಗೆ ಬೆಂಕಿ ತಗುಲದ ಉಡುಪಿದೆ, ಸುತ್ತ ಉಕ್ಕಿನ ಪಂಜರವಿದೆ. ನೋಡಲು ನಿಂತವನಿಗಾದರೋ ಅಂಗಿ ಮತ್ತು ಚಪ್ಪಲಿ ಮಾತ್ರ.

1955ರ ಜೂನ್ 11ರಂದು ಫ್ರಾನ್ಸಿನ ಲ ಮಾನ್ ಎಂಬಲ್ಲಿ 24 ಗಂಟೆಗಳ ಕಾರ್ ಸ್ಪರ್ಧೆ ನಡೆಯುತ್ತಿತ್ತು. ಮುಂದಿದ್ದ ಕಾರಿಗೆ ತಗುಲಿದ ಮರ್ಸಿಡಿಸ್ ಕಾರೊಂದು ಗಾಳಿಗೆ ಹಾರಿ ಮಣ್ಣಿನ ದಿಬ್ಬಕ್ಕೆ ಬಡಿಯಿತು. ದಿಬ್ಬದ ಹಿಂದೆ ಜನ ಒತ್ತೊತ್ತಾಗಿ ನಿಂತಿದ್ದರು. ಕಾರಿನ ಎಂಜಿನ್, ಮುಚ್ಚಳ, ಮುಂದಿನ ಭಾಗಗಳು ಕಿತ್ತುಬಂದು ಅವರ ನಡುವೆ ನುಗ್ಗಿದವು. ಚಾಲಕನೊಂದಿಗೆ 80ಕ್ಕೂ ಹೆಚ್ಚು ಪ್ರೇಕ್ಷಕರು ಸತ್ತರು. ಸ್ಪರ್ಧೆಯನ್ನು ಮಾತ್ರ ನಿಲ್ಲಿಸಲಿಲ್ಲ. ಜನರೆಲ್ಲ ಒಮ್ಮೆಗೇ ಹೊರಟರೆ ಆಂಬುಲೆನ್ಸ್‌ಗಳಿಗೆ ದಾರಿ ಸಿಗದು ಎಂಬುದು ಸಂಘಟಕರು ಕೊಟ್ಟ ಕಾರಣ. ಸ್ವಿಟ್ಜರ್‌ಲೆಂಡ್ ದೇಶ ಇದರ ಬಳಿಕ ತನ್ನ ನೆಲದಲ್ಲಿ ಇಂಥ ಸ್ಪರ್ಧೆಗಳನ್ನೇ ನಿಷೇಧಿಸಿತು. ಆ ನಿಷೇಧ ಹಲವು ದಶಕಗಳ ಕಾಲ ಉಳಿಯಿತು. ಎರಡು ವರ್ಷಗಳ ಬಳಿಕ ಇಟಲಿಯ ಸಾರ್ವಜನಿಕ ರಸ್ತೆಗಳಲ್ಲಿ ನಡೆದ ಮಿಲ್ಲೆ ಮಿಲ್ಯಾ ಸ್ಪರ್ಧೆಯಲ್ಲಿ ಕಾರೊಂದರ ಟಯರ್ ಒಡೆಯಿತು. ರಸ್ತೆ ಬದಿಯಲ್ಲಿದ್ದ 9 ಮಂದಿ ಸತ್ತರು. ಅವರಲ್ಲಿ ಐವರು ಮಕ್ಕಳು.

ಇವೆಲ್ಲ ಅಜ್ಜನ ಕಾಲದ ಮಾತಾಯಿತು, ಈಗ ಸುರಕ್ಷತೆ ಹೆಚ್ಚಿದೆಯಲ್ಲ ಎನ್ನಬಹುದು. ಹೆಚ್ಚಿರುವುದು ನಿಜ, ಆದರೆ ಎಲ್ಲ ಕಡೆಯಲ್ಲೂ ಅಲ್ಲ. 2024ರ ಏಪ್ರಿಲ್ 21ರಂದು ನೆರೆಯ ಶ್ರೀಲಂಕಾದ ದಿಯತಲಾವದಲ್ಲಿ ನಡೆದ ಫಾಕ್ಸ್ ಹಿಲ್ ಸ್ಪರ್ಧೆಯಲ್ಲಿ ಕಾರೊಂದು ದಾರಿ ತಪ್ಪಿ ಜನರ ಮೇಲೆ ನುಗ್ಗಿತು. ಏಳು ಮಂದಿ ಸತ್ತರು. ಅವರಲ್ಲಿ ಎಂಟು ವರ್ಷದ ಹೆಣ್ಣು ಮಗುವೂ ಇತ್ತು, ಸ್ಪರ್ಧೆಯ ಸಿಬ್ಬಂದಿಯೂ ಇದ್ದರು. ಹೊಸ ವರ್ಷದ ರಜೆಯಲ್ಲಿ ಕುಟುಂಬ ಸಮೇತ ನೋಡಲು ಬಂದವರ ಸಂತೆಯದು.

ನಮ್ಮ ದೇಶದಲ್ಲೂ ನಡೆದಿದೆ. 2019ರ ಸೆಪ್ಟೆಂಬರ್‌ನಲ್ಲಿ ರಾಜಸ್ಥಾನದ ಬಾಡ್ಮೇರ್ ಜಿಲ್ಲೆಯಲ್ಲಿ ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್‌ಶಿಪ್‌ನ ಸುತ್ತೊಂದು ನಡೆಯುತ್ತಿದ್ದಾಗ, ಸ್ಪರ್ಧೆಗಾಗಿ ಮುಚ್ಚಿದ್ದ ದಾರಿಗೆ ಮೋಟಾರ್ ಸೈಕಲ್ಲೊಂದು ಬಂದುಬಿಟ್ಟಿತು. ಅದರಲ್ಲಿದ್ದವರು ಒಂದೇ ಕುಟುಂಬದ ತಂದೆ, ತಾಯಿ, ಮಗ. ಮೂವರೂ ಬದುಕಲಿಲ್ಲ. ಢಿಕ್ಕಿಯಾದ ಕಾರು ದೇಶದ ಹೆಸರಾಂತ ಚಾಲಕ, ಅರ್ಜುನ ಪ್ರಶಸ್ತಿ ಪಡೆದ ಗೌರವ್ ಗಿಲ್ ಅವರದು. ಪಕ್ಕದಲ್ಲಿ ದಾರಿ ಹೇಳುತ್ತಿದ್ದವರು ನಮ್ಮ ಕಾಸರಗೋಡಿನ ಮೂಸಾ ಶರೀಫ್. ಅವರಿಗೂ ಗಾಯಗಳಾದವು. ಅನುಭವ ಕಡಿಮೆಯೆಂದು ಹೇಳುವಂತೆಯೇ ಇಲ್ಲ. ತಿರುವಿನಾಚೆ ಏನಿದೆಯೆಂದು ಕಾರಿನಲ್ಲಿದ್ದವರಿಗೆ ತಿಳಿಯುವುದು ಅದು ಕಣ್ಣಿಗೆ ಬಿದ್ದಾಗಲೇ. ಹಳ್ಳಿಯ ಅಡ್ಡದಾರಿಗಳೆಲ್ಲ ರ‍್ಯಾಲಿಯ ದಾರಿಗೆ ಬಂದು ಸೇರುತ್ತವೆ. ಪ್ರತಿಯೊಂದರ ಬಾಯಲ್ಲೂ ಹಗ್ಗ ಕಟ್ಟಿ ಜನ ನಿಲ್ಲಿಸಬೇಕು. ಒಂದು ಕಡೆ ತಪ್ಪಿದರೂ ಸಾಕು.

ಕ್ಯಾಮರಾ ಹಿಡಿದವರ ಅಪಾಯ ಇನ್ನೊಂದು ಬಗೆಯದು. 2013ರ ಜುಲೈಯಲ್ಲಿ ಜರ್ಮನಿಯ ಫಾರ್ಮುಲಾ ಒನ್ ಸ್ಪರ್ಧೆಯಲ್ಲಿ ಮಾರ್ಕ್ ವೆಬ್ಬರ್ ಎಂಬ ಚಾಲಕನ ಕಾರಿನ ಚಕ್ರ ಬದಲಿಸಿದಾಗ ಒಂದು ಚಕ್ರ ಸರಿಯಾಗಿ ಬಿಗಿದಿರಲಿಲ್ಲ. ಕಾರು ಹೊರಟೊಡನೆ ಅದು ಕಳಚಿ, ಪುಟಿಯುತ್ತಾ ಹೋಗಿ, ಬೆನ್ನು ತಿರುಗಿಸಿ ನಿಂತಿದ್ದ ಟಿ.ವಿ. ಕ್ಯಾಮರಾಮನ್‌ಗೆ ಬಡಿಯಿತು. ಕೊರಳೆಲುಬು, ಪಕ್ಕೆಲುಬುಗಳು ಮುರಿದವು. ಪುಣ್ಯಕ್ಕೆ ಜೀವ ಉಳಿಯಿತು. ಆ ಬಳಿಕ ಸ್ಪರ್ಧೆಯ ಹೊತ್ತಿನಲ್ಲಿ ಮಾಧ್ಯಮದವರನ್ನು ಚಕ್ರ ಬದಲಿಸುವ ಓಣಿಯಿಂದ ದೂರವಿಡುವ ನಿಯಮ ಬಂತು. ಅಲ್ಲಿ ಕೆಲಸ ಮಾಡುವ ತಂಡದವರಿಗೆ ಹೆಲ್ಮೆಟ್ ಕಡ್ಡಾಯವಾಯಿತು. ಜಗತ್ತಿನಲ್ಲೇ ಅತಿ ಹೆಚ್ಚು ಹಣ ಸುರಿದು ನಡೆಸುವ ಸ್ಪರ್ಧೆಯ ಸ್ಥಿತಿ ಇದು!

ಇದಕ್ಕೆ ಕಾರಣ ಸರಳ. ಲೆನ್ಸಿನೊಳಗಿಂದ ನೋಡುವವನಿಗೆ ಅಕ್ಕಪಕ್ಕ ಕಾಣುವುದಿಲ್ಲ, ದೂರದ ಅಂದಾಜೂ ಸಿಗುವುದಿಲ್ಲ. ಆದ್ದರಿಂದಲೇ ಅನುಭವಿ ಛಾಯಾಗ್ರಾಹಕರು ತಿರುವಿನ ಹೊರಬದಿಯಲ್ಲಿ ನಿಲ್ಲುವುದಿಲ್ಲ. ಹಿಡಿತ ತಪ್ಪಿದ ವಾಹನ ಸಾಮಾನ್ಯವಾಗಿ ಹೋಗುವುದು ಆ ಕಡೆಗೇ. ಕುಳಿತು ಚಿತ್ರ ತೆಗೆಯುವುದಿಲ್ಲ, ವಾಹನ ಬರುವ ಕಡೆಗೆ ಬೆನ್ನು ಹಾಕುವುದಿಲ್ಲ. ಕ್ಯಾಮರಾ ಎತ್ತುವ ಮೊದಲೇ ಎತ್ತ ಓಡಬೇಕೆಂದು ನೋಡಿಕೊಂಡಿರುತ್ತಾರೆ. ಅನುಮತಿ ಪಡೆದ ಸ್ಪರ್ಧೆಗಳಲ್ಲಿ ಅವರಿಗೆ ಗುರುತಿನ ಮೇಲಂಗಿ ಇರುತ್ತದೆ, ನಿಲ್ಲುವ ಜಾಗ ಗೊತ್ತುಮಾಡಿರುತ್ತಾರೆ, ಸೀಟಿ ಊದುವ ಮಾರ್ಷಲ್ ಇರುತ್ತಾನೆ.

ಈಗ ನಮ್ಮ ಹುಡುಗನತ್ತ ನೋಡಿ. ಮೊಬೈಲಿನ ಪರದೆಯಲ್ಲಿ ಬೈಕ್ ಇನ್ನೂ ಚಿಕ್ಕದಾಗಿ, ದೂರದಲ್ಲಿ ಕಾಣುತ್ತದೆ. ನಿಂತಿರುವುದು ರಸ್ತೆ ವಿಭಜಕದ ಮೇಲೆ, ಇಲ್ಲವೇ ಮೇಲ್ಸೇತುವೆಯ ಗೋಡೆಗೆ ಒರಗಿ. ಟೌನ್ ಹಾಲ್ ಕಡೆಯಿಂದ ಕೆ.ಆರ್. ಮಾರುಕಟ್ಟೆಯ ಮೇಲೆ ಹಾದು ಸಿರ್ಸಿ ವೃತ್ತಕ್ಕೆ ಇಳಿಯುವ ಮೇಲ್ಸೇತುವೆಯಲ್ಲಿ ಒಮ್ಮೆ ಹೋದವರಿಗೂ ಗೊತ್ತು, ಅಲ್ಲಿ ಪಕ್ಕಕ್ಕೆ ಸರಿದು ನಿಲ್ಲಲು ಜಾಗವೆಲ್ಲಿದೆ? ಒಂದು ಕಡೆ ವಾಹನ, ಇನ್ನೊಂದು ಕಡೆ ಗೋಡೆ, ಗೋಡೆಯಾಚೆ ಕೆಳಗಿನ ರಸ್ತೆ. ಗಂಟೆಗೆ 80 ಕಿ.ಮೀ. ವೇಗದ ಬೈಕ್ ಒಂದು ಸೆಕೆಂಡಿಗೆ 22 ಮೀಟರ್ ದಾಟುತ್ತದೆ. ಮನುಷ್ಯ ಅಪಾಯವನ್ನು ಕಂಡು, ಅರ್ಥ ಮಾಡಿಕೊಂಡು, ಕಾಲೆತ್ತಲು ಒಂದೂವರೆ ಸೆಕೆಂಡಾದರೂ ಬೇಕು. ಅಷ್ಟರಲ್ಲಿ 33 ಮೀಟರ್ ಮುಗಿದಿರುತ್ತದೆ. ಮುಂದಿನ ಚಕ್ರ ಗಾಳಿಯಲ್ಲಿದ್ದರೆ ಹ್ಯಾಂಡಲ್ ತಿರುಗಿಸಿ ಪ್ರಯೋಜನವಿಲ್ಲ, ಮುಂದಿನ ಬ್ರೇಕ್ ಕೆಲಸಕ್ಕೆ ಬರುವುದಿಲ್ಲ. ಓಡಿಸುವವ ಬಿದ್ದ ಮೇಲೂ ಬೈಕ್ ತನ್ನ ಪಾಡಿಗೆ ಉಜ್ಜಿಕೊಂಡು ಹೋಗಿ, ಸಿಕ್ಕವರ ಕಾಲು ಮುರಿಯುತ್ತದೆ.

ಬರಾಅತ್ ರಾತ್ರಿ ಬೆಂಗಳೂರಿನ ಪೊಲೀಸರು ಮೇಲ್ಸೇತುವೆಗಳನ್ನು ಮುಚ್ಚುತ್ತಾರೆ ಎಂಬುದನ್ನು ಪತ್ರಿಕೆಯಲ್ಲಿ ಓದುವಾಗ ನಮಗೆಲ್ಲ ಮುಜುಗರವಾಗುತ್ತದೆ. ಹೊಸ ವರ್ಷಕ್ಕೂ ಮುಚ್ಚುತ್ತಾರೆ ಎಂದು ನಮ್ಮವರು ಕೂಡಲೇ ಸಮಜಾಯಿಷಿ ಕೊಡುತ್ತಾರೆ. ಅದು ಸರಿಯಾದ ಮಾತೇ, ಆದರೆ ಮಸೀದಿಯಿಂದ ಮನೆಗೆ ಹೊರಟ ಮುದುಕರಿಗೆ ಅದರಿಂದೇನು ಸಮಾಧಾನ? ಅವರು ನೋಡಲು ಬಂದವರೂ ಅಲ್ಲ. ರಸ್ತೆ ದಾಟಬೇಕಿದ್ದವರು, ಅಷ್ಟೇ.

ನೋಡುವವರಿಲ್ಲದಿದ್ದರೆ ಈ ಆಟವೇ ಇಲ್ಲ ಎಂಬುದನ್ನೂ ಹೇಳಬೇಕು. 1986ರಲ್ಲಿ ಪೋರ್ಚುಗಲ್ ರ‍್ಯಾಲಿಯಲ್ಲಿ ಜನ ರಸ್ತೆಯ ಮೇಲೇ ನಿಂತು, ಕಾರು ಹತ್ತಿರ ಬಂದಾಗ ಸರಿಯುವುದನ್ನೇ ಸಾಹಸವೆಂದು ತಿಳಿದಿದ್ದರು. ಒಂದು ಕಾರು ಗುಂಪಿನೊಳಗೆ ಹೋಗಿ ಮೂವರು ಸತ್ತರು, ಹಲವರು ಗಾಯಗೊಂಡರು. ಇಂದು ಆ ಜನರ ಜಾಗದಲ್ಲಿ ಮೊಬೈಲ್ ಇದೆ. ಬೈಕ್ ಎತ್ತುವ ಹುಡುಗನಿಗೆ ವಿಡಿಯೋ ಬೇಕು, ವಿಡಿಯೋ ತೆಗೆಯುವವನಿಗೆ ಇನ್ನೂ ಹತ್ತಿರದ ದೃಶ್ಯ ಬೇಕು.

ಜನಸಂದಣಿಯ ಅಪಾಯಕ್ಕೆ ವಾಹನವೇ ಬೇಕೆಂದಿಲ್ಲ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಮಂದಿ ಸತ್ತರು. ಅವರು ಹೋದದ್ದು ಕ್ರಿಕೆಟ್ ತಂಡದ ವಿಜಯೋತ್ಸವಕ್ಕೆ. 2011ರ ಸೆಪ್ಟೆಂಬರ್‌ನಲ್ಲಿ ಲೂಯಿಸ್ ಹ್ಯಾಮಿಲ್ಟನ್ ಬೆಂಗಳೂರಿನ ನೈಸ್ ರಸ್ತೆಯಲ್ಲಿ ಫಾರ್ಮುಲಾ ಒನ್ ಕಾರು ಓಡಿಸಿ ತೋರಿಸಿದಾಗಲೂ ಸಾವಿರಾರು ಜನ ನೆರೆದಿದ್ದರು. ಇಂಥ ಕಡೆ ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಮೊದಲು ನೋಡಬೇಕಾದದ್ದು ಹೊರಗೆ ಹೋಗುವ ದಾರಿ. ತಡೆಬೇಲಿಗೆ ಒತ್ತಿ ನಿಲ್ಲುವುದು ಬೇಡ. ಎತ್ತರದಲ್ಲಿ, ಹಿಂದಕ್ಕೆ, ತಿರುವಿನ ಒಳಬದಿಯಲ್ಲಿ ನಿಂತರೆ ಚಿತ್ರ ಅಷ್ಟು ಚೆನ್ನಾಗಿ ಬರದು, ಇರಲಿ.

ಇನ್ನು ಕಾನೂನಿನ ಮಾತು. ಇದನ್ನು ಮನೆಯ ಗಂಡಸರಿಗೂ ಓದಿ ಹೇಳಿ. ರಾಜ್ಯ ಸರಕಾರದ ಲಿಖಿತ ಅನುಮತಿಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ವಾಹನ ಪಂದ್ಯ ನಡೆಸುವುದು, ಅದರಲ್ಲಿ ಭಾಗವಹಿಸುವುದು ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್‌ನಂತೆ ಅಪರಾಧ. 2019ರ ತಿದ್ದುಪಡಿಯ ಬಳಿಕ ಮೊದಲ ಬಾರಿಗೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂ.ವರೆಗೆ ದಂಡ, ಇಲ್ಲವೇ ಎರಡೂ. ಇದಕ್ಕಿಂತ ದೊಡ್ಡದು ಅದೇ ತಿದ್ದುಪಡಿಯಲ್ಲಿ ಬಂದ 199ಎ. ಹದಿನೆಂಟು ತುಂಬದ ಮಗ ವಾಹನ ಓಡಿಸಿ ಅಪರಾಧವೆಸಗಿದರೆ ಅವನ ಪೋಷಕರು ಅಥವಾ ವಾಹನದ ಮಾಲಿಕರೇ ತಪ್ಪಿತಸ್ಥರು. ಮೂರು ವರ್ಷಗಳವರೆಗೆ ಜೈಲು, 25,000 ರೂ. ದಂಡ, ವಾಹನದ ನೋಂದಣಿ 12 ತಿಂಗಳು ರದ್ದು, ಮಗನಿಗೆ 25 ವರ್ಷವಾಗುವ ತನಕ ಲೈಸೆನ್ಸ್ ಇಲ್ಲ. ತನಗೆ ತಿಳಿಯದೆ ನಡೆಯಿತು, ಅಥವಾ ತಡೆಯಲು ತಾನು ಸಾಕಷ್ಟು ಪ್ರಯತ್ನಿಸಿದ್ದೆ ಎಂದು ನ್ಯಾಯಾಲಯದಲ್ಲಿ ಸಾಬೀತು ಮಾಡುವ ಹೊಣೆ ಪೋಷಕರದೇ. 2025ರ ಮೇಯಲ್ಲಿ ನಮ್ಮ ಹೈಕೋರ್ಟು ವ್ಹೀಲಿಂಗ್ ಮಾಡಿದವನೊಬ್ಬನಿಗೆ ಜಾಮೀನು ನಿರಾಕರಿಸಿ, ಈಗಿರುವ ಕಾನೂನು ಸಾಲದು, ಬಿಗಿಗೊಳಿಸಬೇಕು ಎಂದು ಸರಕಾರಕ್ಕೆ ಹೇಳಿತು.

ಬೀಗದಕೈ ಯಾರ ಬಳಿ ಇರುತ್ತದೆಂಬುದು ಮನೆಯೊಳಗಿನ ವಿಷಯ. ಎಷ್ಟೋ ಮನೆಗಳಲ್ಲಿ ಸ್ಕೂಟರ್ ಇರುವುದು ತಾಯಿಯ ಹೆಸರಿನಲ್ಲಿ. ಬಾಗಿಲ ಪಕ್ಕದ ಮೊಳೆಯಲ್ಲಿ ಅದು ರಾತ್ರಿಯಿಡೀ ತೂಗುತ್ತಿರುತ್ತದೆ. ವಿಡಿಯೋ ತೆಗೆಯಲು ಹೋಗುವವನೂ ನಡೆದು ಹೋಗುವುದಿಲ್ಲ. ಇಬ್ಬರು ಗೆಳೆಯರನ್ನು ಕೂರಿಸಿಕೊಂಡು ಅದೇ ಸ್ಕೂಟರಿನಲ್ಲಿ ಹೋಗುತ್ತಾನೆ.